ಎನ್‌ಕೆಜಿ2ಎ ಜೀನ್ ಅಡಗಿಸಿದರೂ ಎನ್‌ಕೆ ಕೋಶಗಳು ಜಾಸ್ತಿ ಕೊಲ್ಲುತ್ತಿಲ್ಲ, ಎಲ್ಲಿ ತಪ್ಪುತ್ತಿದೆ?

ಪ್ರಶ್ನೆ:
ಮೂರು ವಾರದಿಂದ ಇದರಲ್ಲೇ ಸಿಕ್ಕಿಕೊಂಡಿದ್ದೇನೆ. ರಕ್ತದಿಂದ ಬೇರ್ಪಡಿಸಿದ ಎನ್‌ಕೆ ಕೋಶಗಳನ್ನು (ಕ್ಯಾನ್ಸರ್ ಕೋಶಗಳನ್ನು ಕೊಲ್ಲುವ ರೋಗನಿರೋಧಕ ಕೋಶಗಳು) ಐಎಲ್-2 ಎಂಬ ಬೆಳವಣಿಗೆಯ ಪ್ರೋಟೀನ್ ಹಾಕಿ ಬೆಳೆಸಿ, ಎಲೆಕ್ಟ್ರೋಪೊರೇಷನ್‌ನಿಂದ (ವಿದ್ಯುತ್ ಶಾಕ್ ಕೊಟ್ಟು) ಎಸ್‌ಐಆರ್‌ಎನ್‌ಎ, ಅಂದರೆ ಜೀನ್ ಅಡಗಿಸುವ ಚಿಕ್ಕ ಆರ್‌ಎನ್‌ಎ, ಸೇರಿಸುತ್ತೇನೆ. ಎನ್‌ಕೆಜಿ2ಎ ಈ ಕೋಶಗಳ ಮೇಲಿರುವ, ಕೊಲ್ಲುವುದನ್ನು ತಡೆಯುವ ಬ್ರೇಕ್. ಅದನ್ನು ತೆಗೆದರೆ ಕ್ಯಾನ್ಸರ್ ಕೋಶಗಳನ್ನು ಜಾಸ್ತಿ ಕೊಲ್ಲಬೇಕು, ಅಲ್ವಾ? 24 ಗಂಟೆಗೆ ಕ್ಯೂಪಿಸಿಆರ್ ಅಳತೆಯಲ್ಲಿ ಅದರ ಎಂಆರ್‌ಎನ್‌ಎ (ಪ್ರೋಟೀನ್ ತಯಾರಿಸಲು ಜೀನ್‌ನಿಂದ ಬರುವ ಪ್ರತಿ) 75% ಇಳಿದಿದೆ. ಅದೇ ದಿನ ಕೆ562 ಎಂಬ ರಕ್ತ ಕ್ಯಾನ್ಸರ್ ಕೋಶಗಳ ಜೊತೆ 10:1ರಲ್ಲಿ (ಒಂದು ಕ್ಯಾನ್ಸರ್ ಕೋಶಕ್ಕೆ ಹತ್ತು ಎನ್‌ಕೆ) ನಾಲ್ಕು ಗಂಟೆ ಇಟ್ಟೆ. ಕಂಟ್ರೋಲ್ 70% ಕೊಂದರೆ ಇದೂ 70%. ಒಂದು ಸಲ ಇನ್ನೂ ಕಡಿಮೆ ಬಂತು. ಎಸ್‌ಐಆರ್‌ಎನ್‌ಎ ಬದಲಾಯಿಸಬೇಕಾ?

ಉತ್ತರ 1:
ಬದಲಾಯಿಸಬೇಡಿ, ಅದು ಕೆಲಸ ಮಾಡುತ್ತಿದೆ. ತೊಂದರೆ ಕೆ562ರಲ್ಲಿದೆ. ಎನ್‌ಕೆಜಿ2ಎ ಬ್ರೇಕ್ ಬೀಳುವುದು ಎದುರಿನ ಕೋಶದ ಮೇಲೆ ಎಚ್‌ಎಲ್‌ಎ-ಇ ಎಂಬ ಪ್ರೋಟೀನ್ ಇದ್ದಾಗ. ಅದು ಎಚ್‌ಎಲ್‌ಎ ಕ್ಲಾಸ್ 1 ಗುಂಪಿನದು. ಕೆ562ರ ಮೇಲೆ ಆ ಗುಂಪೇ ಇಲ್ಲವೆಂದು ಹೇಳಬಹುದು. ಎನ್‌ಕೆ ಕೋಶ ಅದನ್ನು ಅಷ್ಟು ಸುಲಭವಾಗಿ ಕೊಲ್ಲುವುದೂ ಅದಕ್ಕೇ. ಅಲ್ಲಿ ಬ್ರೇಕ್ ಒತ್ತುವವರೇ ಇಲ್ಲ, ತೆಗೆದರೂ ವ್ಯತ್ಯಾಸ ಕಾಣುವುದು ಹೇಗೆ?

ಎಚ್‌ಎಲ್‌ಎ-ಇ ಸೇರಿಸಿದ ಕೆ562 ಸಿಕ್ಕರೆ ಅದೇ ಒಳ್ಳೆಯದು. ಇಲ್ಲದಿದ್ದರೆ ಕ್ಲಾಸ್ 1 ಇರುವ ಬೇರೆ ಕ್ಯಾನ್ಸರ್ ಕೋಶಕ್ಕೆ ಹಿಂದಿನ ದಿನ ಇಂಟರ್‌ಫೆರಾನ್ ಗಾಮಾ ಎಂಬ ಸಂಕೇತ ಪ್ರೋಟೀನ್ ಕೊಡಿ, ಎಚ್‌ಎಲ್‌ಎ-ಇ ಏರುತ್ತದೆ. ಆದರೆ ಎಚ್ಚರ: ಅದರ ಜೊತೆ ಉಳಿದ ಕ್ಲಾಸ್ 1 ಕೂಡ ಏರುತ್ತದೆ, ಆಗ ಎನ್‌ಕೆ ಕೋಶದ ಕೆಐಆರ್ ಎಂಬ ಇನ್ನೊಂದು ಬ್ರೇಕ್ ಹಿಡಿಯುತ್ತದೆ.

ಜೊತೆಗೆ 10:1 ಜಾಸ್ತಿಯಾಯಿತು. 70% ಸಾಯುತ್ತಿರುವಾಗ ಮೇಲೇರಲು ಜಾಗ ಕಡಿಮೆ. 1:1, 0.5:1 ಹಾಕಿ ನೋಡಿ.

ಉತ್ತರ 2:
ನನಗೆ ಸಮಯದ ಮೇಲೂ ಅನುಮಾನ. ಎಂಆರ್‌ಎನ್‌ಎ ಇಳಿದರೂ ಕೋಶದ ಮೇಲೆ ಮೊದಲೇ ಕೂತಿರುವ ಪ್ರೋಟೀನ್ ತಕ್ಷಣ ಹೋಗುವುದಿಲ್ಲ. 48, 72 ಗಂಟೆಗೆ ಫ್ಲೋ ಸೈಟೋಮೆಟ್ರಿಯಲ್ಲಿ (ಕೋಶದ ಮೇಲಿನ ಪ್ರೋಟೀನ್ ಅಳೆಯುವ ವಿಧಾನ) ಎನ್‌ಕೆಜಿ2ಎ ನೋಡಿ, ಇಳಿದ ದಿನವೇ ಕೊಲ್ಲುವ ಪರೀಕ್ಷೆ ಮಾಡಿ. ತುಂಬ ತಡ ಮಾಡಬೇಡಿ. ಕೋಶ ಒಡೆದು ಎರಡಾದಂತೆ ಎಸ್‌ಐಆರ್‌ಎನ್‌ಎ ಹಂಚಿಹೋಗುತ್ತದೆ.

ಒಂದು ಸಲ ಕಡಿಮೆ ಬಂದಿದ್ದಕ್ಕೆ ಎಲೆಕ್ಟ್ರೋಪೊರೇಷನ್‌ನಲ್ಲಿ ಸತ್ತ ಕೋಶಗಳು ಕಾರಣವಿರಬಹುದು. ಪರೀಕ್ಷೆಗೆ ಮುಂಚೆ ಬದುಕಿರುವವನ್ನಷ್ಟೇ ಎಣಿಸಿ ಹಾಕಿದ್ರಾ? ಕಂಟ್ರೋಲ್‌ಗೂ ಅದೇ ಶಾಕ್, ಯಾವ ಜೀನನ್ನೂ ಮುಟ್ಟದ ಎಸ್‌ಐಆರ್‌ಎನ್‌ಎ ಕೊಟ್ಟಿರಬೇಕು.

ಕೇಳಿದವರು:
ಇಲ್ಲ, ಶಾಕ್‌ಗೆ ಮುಂಚಿನ ಎಣಿಕೆಯನ್ನೇ ನಂಬಿದ್ದೆ. ಫ್ಲೋ ಮಾಡಿದೆ: 24 ಗಂಟೆಗೆ ಪ್ರೋಟೀನ್ ಹಾಗೇ ಇದೆ, 72ಕ್ಕೆ ಅರ್ಧಕ್ಕಿಂತ ಕೆಳಗೆ. ಹೊಸ ಪರೀಕ್ಷೆಗೆ ಎಚ್‌ಎಲ್‌ಎ-ಇ ಇರುವ ಕೆ562 ತರಿಸುತ್ತಿದ್ದೇನೆ.

ಉತ್ತರ 1:
ಒಳ್ಳೆಯದಾಯಿತು. ಆ ಪರೀಕ್ಷೆಯಲ್ಲಿ ತಟ್ಟೆಯ ಒಂದು ಗುಳಿಗೆ (ವೆಲ್) ಎಸ್‌ಐಆರ್‌ಎನ್‌ಎ ಇಲ್ಲದ ಎನ್‌ಕೆ ಕೋಶ ಹಾಕಿ, ಎನ್‌ಕೆಜಿ2ಎಯನ್ನು ತಡೆಯುವ ಆಂಟಿಬಾಡಿ ಸೇರಿಸಿ. ಪಕ್ಕದಲ್ಲಿ ಅದೇ ಬಗೆಯ, ಆದರೆ ಎನ್‌ಕೆಜಿ2ಎಗೆ ಅಂಟದ ಕಂಟ್ರೋಲ್ ಆಂಟಿಬಾಡಿ ಇರಲಿ. ಅಲ್ಲೂ ಕೊಲ್ಲುವುದು ಹೆಚ್ಚದಿದ್ದರೆ ಜೀನ್ ಅಡಗಿಸುವ ಕಡೆ ನೋಡಲೇ ಬೇಡಿ, ಮೊದಲು ಪರೀಕ್ಷೆ ಸರಿಮಾಡಿ. ಅಲ್ಲಿ ಹೆಚ್ಚಿ, ನಿಮ್ಮದರಲ್ಲಿ ಹೆಚ್ಚದಿದ್ದರೆ, ಉಳಿದ ಆ ಪ್ರೋಟೀನೇ ಬ್ರೇಕ್‌ಗೆ ಸಾಕಾಗುತ್ತಿರಬಹುದು. ಆಗ ಕ್ರಿಸ್ಪರ್‌ನಿಂದ (ಡಿಎನ್‌ಎ ಕತ್ತರಿಸುವ ವಿಧಾನ) ಆ ಜೀನನ್ನೇ ಕೆಡಿಸುವ ಬಗ್ಗೆ ಮಾತಾಡೋಣ. ಫ್ಲೋ ಚಿತ್ರವನ್ನೂ ಇಲ್ಲಿ ಹಾಕಿ.