ಲೆಡ್ಜರ್, ಟ್ರೆಝರ್, ಕೋಲ್ಡ್‌ಕಾರ್ಡ್, ಬಿಟ್‌ಬಾಕ್ಸ್: ಬಳಸಿದವರು ಹೇಳಿ, ಯಾವ ಹಾರ್ಡ್‌ವೇರ್ ವಾಲೆಟ್ ತಗೊಳ್ಳಲಿ?

ಕೇಳಿದ್ದು:

ನಮಸ್ಕಾರ. ನನ್ನ ಹತ್ತಿರ ಇರುವುದರಲ್ಲಿ ಜಾಸ್ತಿ ಬಿಟ್‌ಕಾಯಿನ್, ಸ್ವಲ್ಪ ಈಥರ್. ಎಲ್ಲವೂ ಕೊಂಡ ಎಕ್ಸ್‌ಚೇಂಜಿನಲ್ಲೇ (ಕ್ರಿಪ್ಟೋ ಕೊಳ್ಳುವ, ಮಾರುವ ಕಂಪನಿ) ಇದೆ. 2022ರಲ್ಲಿ ಎಫ್‌ಟಿಎಕ್ಸ್ ಅನ್ನುವ ಎಕ್ಸ್‌ಚೇಂಜ್ ಮುಳುಗಿದಾಗಿನಿಂದ ಇದು ಸರಿಯಲ್ಲ ಅನ್ನಿಸುತ್ತಲೇ ಇದೆ. ಆಗಾಗ ಕೊಳ್ಳುತ್ತೇನೆ, ಮಾರುವುದು ಅಪರೂಪ. ಯಾವ ಹಾರ್ಡ್‌ವೇರ್ ವಾಲೆಟ್ (ಕ್ರಿಪ್ಟೋ ನಮ್ಮ ಕೈಯಲ್ಲೇ ಇಟ್ಟುಕೊಳ್ಳಲು ಬಳಸುವ ಚಿಕ್ಕ ಡಿವೈಸ್) ಒಳ್ಳೆಯದು? ಡಿವೈಸ್ ಕೆಟ್ಟರೆ ಕಾಯಿನ್ನೂ ಹೋದ ಹಾಗೇನಾ?

ಲೆಡ್ಜರ್, ಟ್ರೆಝರ್ ಎರಡನ್ನೂ ಬಳಸಿದವರು:

ಕೊನೆಯ ಪ್ರಶ್ನೆಗೆ ಮೊದಲು ಉತ್ತರ ಹೇಳುತ್ತೇನೆ, ಉಳಿದದ್ದೆಲ್ಲ ಅದರ ಮೇಲೇ ನಿಂತಿದೆ. ಕಾಯಿನ್ ಡಿವೈಸಿನ ಒಳಗೆ ಇರುವುದಿಲ್ಲ, ಬ್ಲಾಕ್‌ಚೈನಿನಲ್ಲಿ (ನೆಟ್‌ವರ್ಕಿನ ಸಾರ್ವಜನಿಕ ಲೆಕ್ಕದ ಪುಸ್ತಕ) ಇರುತ್ತದೆ. ಡಿವೈಸಿನಲ್ಲಿ ಇರುವುದು ಅದನ್ನು ಖರ್ಚು ಮಾಡುವ ಕೀ ಮಾತ್ರ. ಆ ಕೀ ಹುಟ್ಟುವುದು ಸೀಡ್ ಪದಗಳಿಂದ. ಸಾಮಾನ್ಯವಾಗಿ 2048 ಪದಗಳ ಒಂದು ಪಟ್ಟಿಯಿಂದ ಡಿವೈಸೇ 12 ಅಥವಾ 24 ಪದ ಆರಿಸಿ ತೋರಿಸುತ್ತದೆ. ಡಿವೈಸ್ ಒಡೆದುಹೋದರೂ ಪದಗಳಿದ್ದರೆ ಸಾಮಾನ್ಯವಾಗಿ ಬೇರೆ ಕಂಪನಿಯ ವಾಲೆಟ್ಟಿನಲ್ಲೂ ಎಲ್ಲವೂ ವಾಪಸ್ ಬರುತ್ತದೆ. ಪದಗಳು ಬೇರೆಯವರ ಕೈಗೆ ಸಿಕ್ಕರೆ ಎಷ್ಟೇ ದುಬಾರಿ ಡಿವೈಸ್ ಇದ್ದರೂ ಪ್ರಯೋಜನ ಇಲ್ಲ.

ಈಗ ಬ್ರ್ಯಾಂಡ್ ವಿಷಯ. ಲೆಡ್ಜರಿನಲ್ಲಿ ಮೊದಲಿನಿಂದಲೂ ಸೆಕ್ಯೂರ್ ಎಲಿಮೆಂಟ್ ಚಿಪ್ ಇದೆ. ಡಿವೈಸ್ ಕದ್ದವನು ಅದನ್ನು ಬಿಚ್ಚಿ ಕೀ ತೆಗೆಯುವುದು ತುಂಬಾ ಕಷ್ಟ. ಆದರೆ ಫರ್ಮ್‌ವೇರ್ (ಡಿವೈಸಿನ ಒಳಗಿನ ಸಾಫ್ಟ್‌ವೇರ್) ಪೂರ್ತಿ ಓಪನ್ ಸೋರ್ಸ್ ಅಲ್ಲ. 2023ರಲ್ಲಿ ಅವರು ರಿಕವರ್ ಅನ್ನುವ ಸೇವೆ ತಂದರು. ಒಪ್ಪಿಗೆ ಕೊಟ್ಟರೆ ಸೀಡ್ ಅನ್ನು 3 ತುಂಡು ಮಾಡಿ, ಎನ್‌ಕ್ರಿಪ್ಟ್ ಮಾಡಿ, 3 ಕಂಪನಿಗಳ ಹತ್ತಿರ ಇಡುತ್ತದೆ. ಬೇಡ ಅಂದರೆ ಬೇಡ, ಒತ್ತಾಯ ಇಲ್ಲ. ಆದರೂ ಸೀಡ್ ಹೊರಗೆ ಹೋಗುವ ದಾರಿಯೊಂದನ್ನು ಫರ್ಮ್‌ವೇರಿನಲ್ಲಿ ಇಡಬಹುದು ಅಂತ ಗೊತ್ತಾಯಿತಲ್ಲ, ಅದು ನನಗೆ ಇಷ್ಟವಾಗಲಿಲ್ಲ.

ಟ್ರೆಝರ್ ಇದಕ್ಕೆ ಉಲ್ಟಾ. ಕೋಡ್ ಯಾರು ಬೇಕಾದರೂ ಓದಬಹುದು, ಆದರೆ ಹಳೆಯ ಮಾಡೆಲ್‌ಗಳಲ್ಲಿ ಆ ಚಿಪ್ ಇಲ್ಲ. 2020ರಲ್ಲಿ ಕ್ರಾಕನ್ ಅನ್ನುವ ಎಕ್ಸ್‌ಚೇಂಜಿನ ಸೆಕ್ಯುರಿಟಿ ತಂಡ ಸುಮಾರು 15 ನಿಮಿಷ ಡಿವೈಸ್ ಕೈಯಲ್ಲಿದ್ದರೆ ಸೀಡ್ ಹೊರತೆಗೆಯಬಹುದು ಅಂತ ತೋರಿಸಿತು. ಸೇಫ್ 3 ಮತ್ತು ಸೇಫ್ 5ರಲ್ಲಿ ಸೆಕ್ಯೂರ್ ಎಲಿಮೆಂಟ್ ಹಾಕಿದ್ದಾರೆ. ನಿಮ್ಮ ಬಳಕೆಗೆ ನಾನು ಹೇಳುವುದು ಟ್ರೆಝರ್ ಸೇಫ್ 3. ಹಳೆಯ ಮಾಡೆಲ್ ಕಡಿಮೆಗೆ ಸಿಗುತ್ತದೆ ಅಂತ ತಗೊಳ್ಳಬೇಡಿ.

ಇನ್ನೊಂದು, ಸ್ಕ್ರೀನ್. ಕಂಪ್ಯೂಟರಿನಲ್ಲಿ ವೈರಸ್ ಇದ್ದರೆ ಕಾಯಿನ್ ಕಳಿಸಲು ನೀವು ಕಾಪಿ ಮಾಡಿದ ಅಡ್ರೆಸ್ ಪೇಸ್ಟ್ ಮಾಡುವಷ್ಟರಲ್ಲಿ ಬದಲಾಗಿರಬಹುದು. ಅದಕ್ಕೇ ಡಿವೈಸಿನ ಸ್ಕ್ರೀನಿನಲ್ಲಿ ಕಾಣುವುದನ್ನಷ್ಟೇ ನಂಬಬೇಕು. ಮೊದಲ ನಾಲ್ಕು, ಕೊನೆಯ ನಾಲ್ಕು ಅಕ್ಷರ ನೋಡಿದರೆ ಸಾಲದು. ಆ ಎರಡು ತುದಿ ಹೊಂದುವ ಹಾಗೆ ಅಡ್ರೆಸ್ ಮಾಡಿ, ನಿಮ್ಮ ಟ್ರಾನ್ಸಾಕ್ಷನ್ ಹಿಸ್ಟರಿಯೊಳಗೆ ತೂರಿಸುವವರಿದ್ದಾರೆ. ನಡುವಿನ ಅಕ್ಷರಗಳನ್ನೂ ಓದಿ. ಸ್ಕ್ರೀನ್ ಚಿಕ್ಕದಿದ್ದರೆ ಬಟನ್ ಒತ್ತಿ ಒತ್ತಿ ಪೂರ್ತಿ ಅಡ್ರೆಸ್ ನೋಡಬೇಕು, ಬೇಜಾರಾಗಿ ಬಿಟ್ಟುಬಿಡುತ್ತೇವೆ. ದೊಡ್ಡ ಸ್ಕ್ರೀನಿಗೆ ಸ್ವಲ್ಪ ಜಾಸ್ತಿ ಕೊಡುವುದು ದಂಡ ಅಲ್ಲ.

ಕೋಲ್ಡ್‌ಕಾರ್ಡ್ ಬಳಸುವವರು:

ನನ್ನದು ಬರೀ ಬಿಟ್‌ಕಾಯಿನ್. ಕೋಲ್ಡ್‌ಕಾರ್ಡ್ ಅನ್ನು ಕಂಪ್ಯೂಟರಿಗೆ ಜೋಡಿಸುವುದೇ ಇಲ್ಲ. ಟ್ರಾನ್ಸಾಕ್ಷನ್ ಅನ್ನು ಮೈಕ್ರೋಎಸ್‌ಡಿ ಕಾರ್ಡಿಗೆ ಹಾಕಿ, ಡಿವೈಸಿನಲ್ಲಿ ಸೈನ್ ಮಾಡಿ (ಕೀ ಬಳಸಿ ಒಪ್ಪಿಗೆ ಕೊಟ್ಟು), ಅದೇ ಕಾರ್ಡಿನಲ್ಲಿ ವಾಪಸ್ ತರುತ್ತೇನೆ. ನನಗಂತೂ ಇದಕ್ಕಿಂತ ನೆಮ್ಮದಿ ಕೊಟ್ಟದ್ದು ಇಲ್ಲ. ಆದರೆ ಇದರಲ್ಲಿ ಈಥರ್ ಇಡಲು ಆಗುವುದಿಲ್ಲ, ಮೆನು ಕೂಡ ಹೊಸಬರಿಗೆ ಸುಲಭ ಅಲ್ಲ. ನಿಮಗೆ ಎರಡೂ ಬೇಕು, ಹಾಗಾಗಿ ಬಿಟ್‌ಬಾಕ್ಸ್02 ನೋಡಿ. ಸ್ವಿಸ್ ಕಂಪನಿಯದು, ಕೋಡ್ ಓಪನ್, ಸೆಕ್ಯೂರ್ ಚಿಪ್ಪೂ ಇದೆ. ಬಿಟ್‌ಕಾಯಿನ್ ಮಾತ್ರ ಇರುವ ಎಡಿಷನ್ ಬೇರೆ ಇದೆ, ಆರ್ಡರ್ ಮಾಡುವಾಗ ಗಮನಿಸಿ.

ಬಿಟ್‌ಬಾಕ್ಸ್ ಬಳಸುವವರು:

ಯಾವುದನ್ನೇ ತಗೊಳ್ಳಿ, ದೊಡ್ಡ ಮೊತ್ತ ಹಾಕುವ ಮೊದಲು ಇದನ್ನು ಮಾಡಿ. ಸ್ವಲ್ಪವೇ ಸ್ವಲ್ಪ ಕಾಯಿನ್ ಕಳಿಸಿ. ಡಿವೈಸನ್ನು ಪೂರ್ತಿ ರೀಸೆಟ್ ಮಾಡಿ. ಕಾಗದದಲ್ಲಿ ಬರೆದುಕೊಂಡ ಪದಗಳಿಂದಲೇ ಮತ್ತೆ ತೆರೆಯಿರಿ. ಕಾಯಿನ್ ಕಂಡರೆ ನಿಮ್ಮ ಬ್ಯಾಕಪ್ ಸರಿ ಇದೆ ಅಂತ ಅರ್ಥ.

ಪದಗಳನ್ನು ಇಂಗ್ಲಿಷ್ ದೊಡ್ಡಕ್ಷರದಲ್ಲಿ ಬರೆಯಿರಿ. ಆ ಪಟ್ಟಿಯಲ್ಲಿ ವುಡ್ ಕೂಡ ಇದೆ, ವುಲ್ ಕೂಡ ಇದೆ. ಅವಸರದಲ್ಲಿ ಸಣ್ಣಕ್ಷರದಲ್ಲಿ ಗೀಚಿದರೆ ಕೊನೆಯ ಡಿ ಮತ್ತು ಎಲ್ ಒಂದೇ ಥರ ಕಾಣುತ್ತವೆ. ಪದ ತಪ್ಪಿದರೆ ಸಾಮಾನ್ಯವಾಗಿ ಡಿವೈಸೇ ತಪ್ಪು ಅನ್ನುತ್ತದೆ, ಆದರೆ ಯಾವಾಗಲೂ ಅಲ್ಲ. 12 ಪದದ ಸೀಡಿನಲ್ಲಿ 16ಕ್ಕೆ ಒಂದು ತಪ್ಪು ಜೋಡಣೆ ಸರಿ ಅಂತ ದಾಟಿಹೋಗುತ್ತದೆ. ಆಮೇಲೆ ಕಾಣುವುದು ಖಾಲಿ ವಾಲೆಟ್.

ಫೋಟೋ ತೆಗೆಯಬೇಡಿ, ಕ್ಲೌಡಿನಲ್ಲಿ ಇಡಬೇಡಿ. ಡಬ್ಬಿಯಲ್ಲಿ ಪದ ಮೊದಲೇ ಬರೆದ ಕಾರ್ಡ್ ಬಂದರೆ ಅದು ಮೋಸ, ಆ ಡಿವೈಸ್ ಮುಟ್ಟಬೇಡಿ. 2020ರಲ್ಲಿ ಲೆಡ್ಜರ್ ಗ್ರಾಹಕರ ವಿಳಾಸಗಳು ಸೋರಿಹೋದ ಮೇಲೆ ಕೆಲವರ ಮನೆಗೆ ನಕಲಿ ಡಿವೈಸೇ ಬಂದಿತ್ತು. ಸೀಡ್ ಕೇಳುವ ಮೇಲ್, ಪತ್ರ, ಫೋನ್ ಯಾವುದೂ ಕಂಪನಿಯದಲ್ಲ.

ಕೇಳಿದವರು:

ತುಂಬಾ ಥ್ಯಾಂಕ್ಸ್. ಸೇಫ್ 3 ಅಥವಾ ಬಿಟ್‌ಬಾಕ್ಸ್, ಎರಡರಲ್ಲಿ ಒಂದು. ಪಾಸ್‌ಫ್ರೇಸ್ ಅಂತಾರಲ್ಲ, ಅದನ್ನೂ ಹಾಕಬೇಕಾ?

ಲೆಡ್ಜರ್, ಟ್ರೆಝರ್ ಎರಡನ್ನೂ ಬಳಸಿದವರು:

ಈಗಲೇ ಬೇಡ. ಪಾಸ್‌ಫ್ರೇಸ್ ಅಂದರೆ ಸೀಡ್ ಪದಗಳ ಜೊತೆಗೆ ನೀವೇ ಸೇರಿಸುವ ಗುಟ್ಟಿನ ಮಾತು. ಅದನ್ನು ಹಾಕಿದರೆ ಸೀಡ್ ಕದ್ದವನಿಗೂ ಹಣ ಸಿಗುವುದಿಲ್ಲ, ಅದು ನಿಜ. ಆದರೆ ಅದಕ್ಕೆ ತಪ್ಪು ಅನ್ನುವುದೇ ಇಲ್ಲ. ಒಂದಕ್ಷರ ಬದಲಾದರೂ ಡಿವೈಸ್ ಸುಮ್ನೆ ಬೇರೊಂದು ಖಾಲಿ ವಾಲೆಟ್ ತೆರೆಯುತ್ತದೆ. ಮರೆತರೆ ಯಾರೂ ತೆಗೆದುಕೊಡಲಾರರು. ಮೊದಲು ರೀಸೆಟ್ ಮಾಡಿ ತೆರೆಯುವುದು ಕೈಗೆ ಹತ್ತಲಿ. ಆಮೇಲೆ ಹಾಕುವುದಾದರೆ ಅದನ್ನೂ ಬರೆದಿಡಿ, ಆದರೆ ಸೀಡ್ ಇಟ್ಟ ಜಾಗದಲ್ಲೇ ಇಡಬೇಡಿ.