ಸಿಡ್ನಿ: ಬಾವುಟ ಇಟ್ಟ ಸ್ಕೂಲ್ ಕ್ರಾಸಿಂಗ್‌ನಲ್ಲಿ ಕಾರು ಯಾವಾಗ ಹೊರಡಿಸಬೇಕು?

ವೆಸ್ಟ್‌ಮೀಡ್ ಹೊಸಬ:
ಧಾರವಾಡದಿಂದ ಬಂದು ಈಗಷ್ಟೇ ಇಲ್ಲಿ ಕಾರು ಓಡಿಸಲು ಶುರು ಮಾಡಿದ್ದೇನೆ. ಆಫೀಸಿನ ದಾರಿಯಲ್ಲಿ ಒಂದು ಪ್ರೈಮರಿ ಸ್ಕೂಲಿದೆ. ರಸ್ತೆಯ ಎರಡೂ ಬದಿ ಕೆಂಪು-ಕಿತ್ತಳೆ ಬಾವುಟ ಇಟ್ಟಿರುತ್ತಾರೆ. ಮಕ್ಕಳು ನನ್ನ ಕಾರಿನ ಮುಂದೆ ದಾಟಿ ಆಚೆ ಅರ್ಧಕ್ಕೆ ಹೋದ ಮೇಲೆ ಹೊರಡಬಹುದಾ? ನಿಂತೇ ಇದ್ದರೆ ಹಿಂದಿನವರು ಹಾರ್ನ್ ಹೊಡೆಯುತ್ತಾರೆ. ಇನ್ನೊಂದು, ಮಕ್ಕಳಿಗೆ ರಜೆ ಇದ್ದ ದಿನವೂ ಸ್ಕೂಲಿನ ಹತ್ತಿರ ಗಂಟೆಗೆ 40 ಕಿ.ಮೀ. ವೇಗದ ಮಿತಿ ಇರುತ್ತದೆಯೇ?

ಬ್ಲ್ಯಾಕ್‌ಟೌನ್ ಭಟ್ರು:
40ರ ಮಿತಿ ಬೆಳಿಗ್ಗೆ 8ರಿಂದ 9:30, ಮಧ್ಯಾಹ್ನ 2:30ರಿಂದ 4. ಕೆಲವು ಸ್ಕೂಲುಗಳ ಹೊತ್ತು ಬೇರೆ, ಬೋರ್ಡ್ ಓದಿ. ಟರ್ಮ್ ರಜೆಯಲ್ಲಿ ಇಲ್ಲ. ಆದರೆ ಟೀಚರುಗಳಿಗೆ ಮಾತ್ರ ಸ್ಕೂಲಿರುವ ದಿನ ಇದೆ, ಆವತ್ತೂ 40 ಇರುತ್ತದೆ, ತುಂಬಾ ಜನ ಆವತ್ತೇ ಫೈನ್ ಕಟ್ಟುತ್ತಾರೆ.

ಸ್ಟಾಪ್ ಬೋರ್ಡ್ ಅಕ್ಕ:
ನಾನು ಇಂಥದೇ ಒಂದು ಕ್ರಾಸಿಂಗ್‌ನಲ್ಲಿ ಮಕ್ಕಳನ್ನು ದಾಟಿಸಲು ಸ್ಟಾಪ್ ಬೋರ್ಡ್ ಹಿಡಿದು ನಿಲ್ಲುವವಳು. ಹಾರ್ನ್ ಹೊಡೆದರೆ ಹೊಡೆದುಕೊಳ್ಳಲಿ ಬಿಡಿ. ನಾನು ಬೋರ್ಡ್ ಇಳಿಸುವ ತನಕ ನೀವು ಕದಲುವಂತಿಲ್ಲ. ಬೋರ್ಡ್ ಹಿಡಿಯುವವರು ಇಲ್ಲದೆ ಬರೀ ಬಾವುಟ ಇದ್ದರೂ, ದಾಟುವವರು ಪೂರ್ತಿ ಆಚೆ ಹೋಗುವ ತನಕ ನಿಲ್ಲಬೇಕು. ಕಾಲಿಡಲು ಹೊರಟವರಿಗೂ ಅಷ್ಟೇ. ಯಾಕೆ ಅಂದರೆ ಮಕ್ಕಳು ವಾಪಸ್ ಓಡಿ ಬರುತ್ತವೆ. ಟೋಪಿ ಬಿತ್ತು, ತಮ್ಮ ಹಿಂದೆ ಉಳಿದ, ಏನೋ ಒಂದು.

ನನಗೆ ಮಕ್ಕಳಿಗಿಂತ ಅಪ್ಪ-ಅಮ್ಮಂದಿರದೇ ತಲೆನೋವು ಜಾಸ್ತಿ. ಕ್ರಾಸಿಂಗ್‌ಗೆ ಮುಂಚೆ 20 ಮೀಟರ್, ದಾಟಿದ ಮೇಲೆ 10 ಮೀಟರ್ ಕಾರು ನಿಲ್ಲಿಸಬಾರದು. ಅಲ್ಲೇ ದೊಡ್ಡ ಕಾರು ತಂದು ನಿಲ್ಲಿಸಿ 'ಎರಡೇ ನಿಮಿಷ' ಅನ್ನುತ್ತಾರೆ. ಅದರ ಹಿಂದೆ ಇರುವ ಒಂದನೇ ಕ್ಲಾಸಿನ ಹುಡುಗಿಯ ತಲೆಯೂ ನಿಮಗೆ ಕಾಣುವುದಿಲ್ಲ. ಇನ್ನು ಕೆಲವರು ಎದುರು ಬದಿಯಲ್ಲಿ ನಿಂತು 'ಬಾ ಪುಟ್ಟಾ' ಅಂತ ಕೈ ಬೀಸುತ್ತಾರೆ! ಮಗು ಮತ್ತೆ ಬೋರ್ಡ್ ನೋಡುತ್ತದಾ? ನಮ್ಮ ಕನ್ನಡದವರೂ ಇದ್ದಾರೆ, ಮುಖ ನೋಡಿ ಹೇಳಿದ್ದೇನೆ.

40 ಇದೆ ಅಂತ 40ರಲ್ಲೇ ಬರಬೇಕಿಲ್ಲ. ಆ ವೇಗದಲ್ಲಿ ಕಾರು ಸೆಕೆಂಡಿಗೆ 11 ಮೀಟರ್ ಹೋಗುತ್ತದೆ, ನಿಮ್ಮ ಕಾಲು ಬ್ರೇಕ್ ಮುಟ್ಟುವ ಮೊದಲೇ. ಸಾಲಾಗಿ ಕಾರು ನಿಂತಿರುವ ಕಡೆ ಇನ್ನೂ ನಿಧಾನ ಮಾಡಿ, ಕಾರುಗಳ ಕೆಳಗೆ ಪುಟ್ಟ ಕಾಲು ಕಾಣುತ್ತದಾ ನೋಡಿ. ಪಕ್ಕದ ಲೇನ್‌ನ ಕಾರು ಕ್ರಾಸಿಂಗ್‌ನಲ್ಲಿ ನಿಂತಿದ್ದರೆ ದಾಟಿ ನುಗ್ಗಬೇಡಿ. ಸುಮ್ನೆ ನಿಂತಿರುವುದಿಲ್ಲ ಅವರು.

ವೆಸ್ಟ್‌ಮೀಡ್ ಹೊಸಬ:
ಥ್ಯಾಂಕ್ಸ್ ಅಕ್ಕಾ. ನಡುವೆ ಡಿವೈಡರ್ ಇದ್ದರೆ?

ಸ್ಟಾಪ್ ಬೋರ್ಡ್ ಅಕ್ಕ:
ಆಗ ಎರಡು ಬದಿಯೂ ಬೇರೆ ಬೇರೆ ಕ್ರಾಸಿಂಗ್ ಲೆಕ್ಕ. ಮಗು ಡಿವೈಡರ್ ದಾಟಿ ಆಚೆ ಬದಿಗೆ ಹೋಗಿ, ನಿಮ್ಮ ಬದಿ ಖಾಲಿ ಇದ್ದು, ಬೋರ್ಡೂ ನಿಮಗೆ ತೋರಿಸಿಲ್ಲ ಅಂದರೆ ಹೊರಡಬಹುದು. ಬರೀ ಬಿಳಿ ಪಟ್ಟಿ ಬಳಿದಿದ್ದರೆ ಅದು ಡಿವೈಡರ್ ಅಲ್ಲ.