ತಣ್ಣಗಿರುವಾಗ ಆರ್‌ಗೆ (ರಿವರ್ಸ್) ಹಾಕಿದರೆ ತಡವಾಗಿ ಹಿಡಿಯುತ್ತದೆ, ಗೇರ್‌ಗಳೂ ತಡವಾಗಿ ಬದಲಾಗುತ್ತವೆ (6 ಸ್ಪೀಡ್ ಆಟೋಮ್ಯಾಟಿಕ್)

ಪ್ರಶ್ನೆ

ಪೆಟ್ರೋಲ್ ಗಾಡಿ, 6 ಸ್ಪೀಡ್ ಟಾರ್ಕ್ ಕನ್ವರ್ಟರ್ (ಇಂಜಿನ್ ಬಲವನ್ನು ಎಣ್ಣೆ ಮೂಲಕ ದಾಟಿಸೋ ಭಾಗ) ಗೇರ್‌ಬಾಕ್ಸ್, 1,10,000 ಕಿ.ಮೀ. ಓಡಿದೆ. ಎಟಿಎಫ್ (ಆಟೋಮ್ಯಾಟಿಕ್ ಗೇರ್‌ಬಾಕ್ಸ್ ಆಯಿಲ್) ಬದಲಾಯಿಸಿದ ದಾಖಲೆ ಇಲ್ಲ. ರಾತ್ರಿಯಿಡೀ ನಿಂತ ಗಾಡಿ ಸ್ಟಾರ್ಟ್ ಮಾಡಿ ಆರ್‌ಗೆ ಹಾಕಿದರೆ ಸುಮಾರು ಮೂರು ಸೆಕೆಂಡ್ ಏನೂ ಆಗಲ್ಲ, ಆಮೇಲೆ ಧಡ್ ಅಂತ ಹಿಡಿಯುತ್ತೆ. ಹೊರಟ ಮೇಲೆ ಮೊದಲ ಕೆಲವು ಕಿ.ಮೀ. ಗೇರ್ ಬದಲಾಗೋದು 2,600 ಆರ್‌ಪಿಎಂ ಹತ್ತಿರ; ಬಿಸಿಯಾದ ಮೇಲೆ 1,800ರಲ್ಲೇ ಬದಲಾಗುತ್ತೆ. ಚೆಕ್ ಇಂಜಿನ್ ದೀಪ ಹತ್ತಿಲ್ಲ. ಎಟಿಎಫ್ ಮಟ್ಟ ನೋಡೋ ಡಿಪ್‌ಸ್ಟಿಕ್ ಇಲ್ಲದ ಮಾದರಿ. ಗ್ಯಾರೇಜ್‌ನವರು ಗೇರ್‌ಬಾಕ್ಸ್ ಇಳಿಸಿ ಬಿಚ್ಚಲೇಬೇಕು ಅಂತಾರೆ. ಬೇಕಾ?

ಉತ್ತರ 1

ಈಗಲೇ ಬಿಚ್ಚಿಸಬೇಡಿ ಸರ್. ನೀವು ಹೇಳಿದ್ದರಲ್ಲಿ ಎರಡು ಬೇರೆ ಬೇರೆ ಸಂಗತಿಗಳಿವೆ. ಗೇರ್ ತಡವಾಗಿ ಬದಲಾಗುವುದು ಕಂಪ್ಯೂಟರ್ ಬೇಕೆಂದೇ ಮಾಡುವ ಕೆಲಸ. ತಡವಾಗಿ ಹಿಡಿಯುವುದು ಎಟಿಎಫ್ ಒತ್ತಡ ಹೊತ್ತಿಗೆ ಸರಿಯಾಗಿ ತಲುಪದ ಲಕ್ಷಣ. ಎರಡನ್ನೂ ಒಂದೇ ರೋಗ ಅಂದುಕೊಂಡರೆ ಖರ್ಚು ದಾರಿ ತಪ್ಪುತ್ತದೆ.

ಗೇರ್‌ಬಾಕ್ಸ್ ಒಳಗೆ ಎಟಿಎಫ್ ತಾಪಮಾನದ ಸೆನ್ಸರ್ ಇರುತ್ತದೆ. ಎಟಿಎಫ್ ತಣ್ಣಗಿದೆ ಎಂದು ಅದು ಹೇಳುತ್ತಿರುವಷ್ಟು ಹೊತ್ತು ಕಂಪ್ಯೂಟರ್ ಗೇರ್ ಏರಿಸುವುದನ್ನು ಮುಂದೂಡುತ್ತದೆ. ಇಂಜಿನ್ ಹೆಚ್ಚು ಆರ್‌ಪಿಎಂನಲ್ಲಿ ತಿರುಗಿದರೆ ಕೂಲೆಂಟ್ (ಇಂಜಿನ್ ತಂಪು ಮಾಡುವ ದ್ರವ) ಮತ್ತು ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ಬೇಗ ಬಿಸಿಯಾಗುತ್ತವೆ. ಟಾರ್ಕ್ ಕನ್ವರ್ಟರ್‌ನ ಲಾಕಪ್ ಕ್ಲಚ್ (ಇಂಜಿನ್ ಮತ್ತು ಗೇರ್‌ಬಾಕ್ಸನ್ನು ನೇರವಾಗಿ ಬಿಗಿಯುವ ಭಾಗ) ಕೂಡ ಆ ಹೊತ್ತಿನಲ್ಲಿ ಬಿಟ್ಟೇ ಇರುತ್ತದೆ. ಅದೇ ವೇಗ, ಅದೇ ಗೇರ್‌ನಲ್ಲೂ ಆರ್‌ಪಿಎಂ ಒಂದಿಷ್ಟು ಹೆಚ್ಚು ಕಾಣುವುದು ಅದಕ್ಕೇ.

ಗೇರ್ ಬದಲಾಗುವ ಕ್ಷಣ ಆರ್‌ಪಿಎಂ ಮುಳ್ಳನ್ನು ನೋಡಿ. 2,600ರಿಂದ ನೇರ ಕೆಳಗಿಳಿದರೆ ಸರಿ. ಇಳಿಯುವ ಮುಂಚೆ 200–300 ಮೇಲಕ್ಕೆ ಹಾರಿ ಆಮೇಲೆ ಬಿದ್ದರೆ ಒಳಗೆ ಕ್ಲಚ್ ಜಾರುತ್ತಿದೆ ಎಂದರ್ಥ, ಅದು ಬೇರೆ ಮಾತು.

ಇನ್ನೊಂದು: ಅರ್ಧ ಗಂಟೆ ಓಡಿಸಿದರೂ ಈ ತಣ್ಣನೆಯ ನಡವಳಿಕೆ ಹೋಗದಿದ್ದರೆ ಇಂಜಿನ್ ಥರ್ಮೋಸ್ಟ್ಯಾಟ್ ತೆರೆದೇ ನಿಂತಿರಬಹುದು. ಕೂಲೆಂಟ್ ಬಿಸಿಯಾಗದೆ ಲಾಕಪ್ ಬೀಳುವುದಿಲ್ಲ, ಎಲ್ಲರೂ ಗೇರ್‌ಬಾಕ್ಸನ್ನು ಬೈಯುತ್ತಾರೆ. ಸ್ಕ್ಯಾನರ್‌ನಲ್ಲಿ (ಗಾಡಿಯ ಕಂಪ್ಯೂಟರ್ ಓದುವ ಸಾಧನ) ಪಿ0128 ಎಂಬ ದೋಷದ ಕೋಡ್ ಇದೆಯೇ ನೋಡಿ. ಎಟಿಎಫ್ ಸೆನ್ಸರ್ ತಪ್ಪು ಹೇಳುತ್ತಿದ್ದರೆ ಪಿ0711 ಸಿಗಬಹುದು.

ಉತ್ತರ 2

ಆರ್ ತಡದ ಬಗ್ಗೆ ಹೇಳುತ್ತೇನೆ. ಒಂದು ಸೆಕೆಂಡ್ ಸಹಜ, ಎರಡು ದಾಟಿದರೆ ಹುಡುಕಬೇಕು. ಮೊದಲ ಅನುಮಾನ ಎಟಿಎಫ್ ಮಟ್ಟ. ತಣ್ಣಗಿದ್ದಾಗ ಎಟಿಎಫ್ ಕುಗ್ಗಿ ಮಟ್ಟ ಇನ್ನೂ ಕೆಳಗಿರುತ್ತದೆ, ದಪ್ಪವಾಗಿಯೂ ಇರುತ್ತದೆ. ಪಂಪ್ ಫಿಲ್ಟರ್ ಮೂಲಕ ಗಾಳಿ ಸೇರಿಸಿ ಎಳೆಯುತ್ತದೆ, ಗೇರ್ ಹಿಡಿಸುವ ಕ್ಲಚ್‌ನ ಪಿಸ್ಟನ್ ಹಿಂದೆ ಒತ್ತಡ ತುಂಬುವುದು ತಡವಾಗುತ್ತದೆ. ಪಿಸ್ಟನ್‌ನ ರಬ್ಬರ್ ಸೀಲ್ ಗಟ್ಟಿಯಾಗಿದ್ದರೂ ಇದೇ ಲಕ್ಷಣ. ಆದರೆ ಸೀಲ್ ನೋಡಲು ಗೇರ್‌ಬಾಕ್ಸ್ ಇಳಿಸಬೇಕು, ಮಟ್ಟ ನೋಡಲು ಒಂದು ಪ್ಲಗ್ ಬಿಚ್ಚಿದರೆ ಸಾಕು.

ಪ್ಲಗ್‌ಗೆ ಕೈ ಹಾಕುವ ಮೊದಲು, ರಾತ್ರಿ ನಿಂತ ಗಾಡಿಯಲ್ಲಿ ಇಗ್ನಿಷನ್ ಮಾತ್ರ ಆನ್ ಮಾಡಿ ಸ್ಕ್ಯಾನರ್‌ನಲ್ಲಿ ಎಟಿಎಫ್, ಕೂಲೆಂಟ್, ಒಳಬರುವ ಗಾಳಿ, ಈ ಮೂರರ ತಾಪಮಾನ ಓದಿ. ನಾಲ್ಕೈದು ಡಿಗ್ರಿಗಿಂತ ಹೆಚ್ಚು ವ್ಯತ್ಯಾಸ ಇರಬಾರದು. ಎಟಿಎಫ್ ಒಂದೇ ಬೇರೆ ತೋರಿಸಿದರೆ ಸೆನ್ಸರ್ ನಂಬುವಂತಿಲ್ಲ, ಆ ಸೆನ್ಸರ್ ನಂಬಿ ಮಟ್ಟ ನೋಡಿದರೆ ಅದೂ ತಪ್ಪು.

ಮೂರೂ ಹೊಂದಿದರೆ ಗಾಡಿಯ ನಾಲ್ಕೂ ಕಡೆ ಸಮನಾಗಿ ಎತ್ತಿ ಸ್ಟ್ಯಾಂಡ್ ಮೇಲೆ ನಿಲ್ಲಿಸಿ, ಎಸಿ ಆಫ್ ಮಾಡಿ, ಇಂಜಿನ್ ಸ್ಟಾರ್ಟ್ ಮಾಡಿ. ಬ್ರೇಕ್ ಒತ್ತಿ ಹಿಡಿದು ಪಿ, ಆರ್, ಎನ್, ಡಿ ಪ್ರತಿಯೊಂದರಲ್ಲೂ 3–4 ಸೆಕೆಂಡ್ ನಿಲ್ಲಿಸಿ ಪಿಗೆ ತನ್ನಿ. ಎಟಿಎಫ್ 35–45 ಡಿಗ್ರಿ ನಡುವೆ ಬಂದಾಗ, ಇಂಜಿನ್ ಓಡುತ್ತಿರುವಂತೆಯೇ, ಲೆವೆಲ್ ಪ್ಲಗ್ ಬಿಚ್ಚಿ. ನಿಮ್ಮ ಮಾದರಿಗೆ ನಿಗದಿಯಾದ ಡಿಗ್ರಿ ಸರ್ವಿಸ್ ಮ್ಯಾನ್ಯುಯಲ್‌ನಲ್ಲಿ ಇರುತ್ತದೆ, ಅದೇ ಅಂತಿಮ. ಧಾರೆಯಾಗಿ ಬಂದರೆ ಹೆಚ್ಚಿದೆ, ಹರಿದು ಹೋಗಲು ಬಿಡಿ. ಹನಿ ಹನಿಯಾಗಿ ನಿಂತಾಗ ಪ್ಲಗ್ ಹಾಕಿ. ಏನೂ ಬರದಿದ್ದರೆ ಮೇಲಿನ ಫಿಲ್ಲರ್‌ನಿಂದ ಹನಿ ಬೀಳುವವರೆಗೆ ತುಂಬಿಸಿ. 60 ಡಿಗ್ರಿಯಲ್ಲಿ ಬಿಚ್ಚಿದರೆ ಎಟಿಎಫ್ ಹಿಗ್ಗಿರುತ್ತದೆ, ಕಡಿಮೆ ಇದ್ದರೂ ಹನಿ ಬೀಳುತ್ತದೆ, ಎಲ್ಲ ಸರಿ ಎಂದು ಮೋಸಹೋಗುತ್ತೀರಿ.

ಮ್ಯಾನ್ಯುಯಲ್‌ನಲ್ಲಿ ಬರೆದ ಸ್ಪೆಸಿಫಿಕೇಷನ್‌ನ ಎಟಿಎಫ್ ಮಾತ್ರ. ತೆಳು ಎಟಿಎಫ್ ಕೇಳುವ ಗೇರ್‌ಬಾಕ್ಸ್‌ಗೆ ಹಳೆಯ ಕಾಲದ ದಪ್ಪದ್ದು ಹಾಕಿದರೆ ಬೆಳಗಿನ ತೊಂದರೆ ಇನ್ನೂ ಹೆಚ್ಚುತ್ತದೆ. ಸಿವಿಟಿ (ಬೆಲ್ಟ್ ಬಳಸುವ ಬೇರೆ ಬಗೆಯ ಆಟೋಮ್ಯಾಟಿಕ್) ಆಯಿಲ್ ಅಂತೂ ಹತ್ತಿರವೂ ತರಬೇಡಿ.

ಪ್ರಶ್ನೆ ಕೇಳಿದವರು

ಧನ್ಯವಾದ ಸರ್. ತಣ್ಣಗಿದ್ದಾಗ ಎಟಿಎಫ್ 23, ಕೂಲೆಂಟ್ 22, ಗಾಳಿ 24. 40 ಡಿಗ್ರಿಯಲ್ಲಿ ಪ್ಲಗ್ ಬಿಚ್ಚಿದರೆ ಒಂದು ಹನಿಯೂ ಬರಲಿಲ್ಲ. ಸುಮಾರು 600 ಮಿ.ಲೀ. ಹಿಡಿಯಿತು. ಈಗ ಆರ್ ಒಂದು ಸೆಕೆಂಡ್‌ನಲ್ಲಿ ಹಿಡಿಯುತ್ತೆ. ಮುಳ್ಳು ಮೇಲೆ ಹಾರಲ್ಲ. ಎಟಿಎಫ್ ಕಡು ಕಂದು, ಸುಟ್ಟ ವಾಸನೆ ಇಲ್ಲ. ಪಿ0128, ಪಿ0711 ಎರಡೂ ಇಲ್ಲ. ಎಲ್ಲ ಬದಲಾಯಿಸಲಾ?

ಉತ್ತರ 2

ಬದಲಾಯಿಸಿ, ಆದರೆ 600 ಮಿ.ಲೀ. ಎಲ್ಲಿ ಹೋಯಿತು ಎಂದು ಮೊದಲು ಹುಡುಕಿ. ಇಂಜಿನ್ ಆಯಿಲ್‌ನಂತೆ ಎಟಿಎಫ್ ಉರಿದು ಖರ್ಚಾಗುವುದಿಲ್ಲ. ಎರಡೂ ಡ್ರೈವ್ ಶಾಫ್ಟ್ ಸೀಲ್, ಎಟಿಎಫ್ ತಂಪು ಮಾಡುವ ಕೂಲರ್‌ನ ಹೋಸ್ ಜೋಡಣೆ, ಆಯಿಲ್ ಪ್ಯಾನ್ ಅಂಚು ಒರೆಸಿ, ಒಂದು ದಿನ ಓಡಿಸಿ ಮತ್ತೆ ನೋಡಿ. ಕೂಲೆಂಟ್ ಟ್ಯಾಂಕ್‌ನಲ್ಲಿ ಎಣ್ಣೆ ತೇಲುತ್ತಿದ್ದರೆ ಅಥವಾ ಎಟಿಎಫ್ ಹಾಲು ಬೆರೆತಂತೆ ಗುಲಾಬಿಯಾಗಿದ್ದರೆ ಕೂಲರ್ ಒಳಗೇ ಒಡೆದಿದೆ. ಆಗ ಗಾಡಿ ಓಡಿಸಬೇಡಿ, ಕೂಲೆಂಟ್ ಕ್ಲಚ್ ಪ್ಲೇಟ್‌ನ ಲೈನಿಂಗ್ ಎಬ್ಬಿಸಿಬಿಡುತ್ತದೆ.

ಡ್ರೈನ್ ಪ್ಲಗ್ ಬಿಚ್ಚಿದರೆ ಅರ್ಧದಷ್ಟೇ ಬರುತ್ತದೆ, ಉಳಿದದ್ದು ಕನ್ವರ್ಟರ್‌ನಲ್ಲಿ ಉಳಿಯುತ್ತದೆ. ಬಂದದ್ದನ್ನು ಅಳತೆ ಪಾತ್ರೆಗೆ ಹಿಡಿದು ಅಷ್ಟೇ ತುಂಬಿಸಿ, ಮಟ್ಟ ಮೇಲಿನಂತೆಯೇ ನೋಡಿ. ಕೆಲವು ನೂರು ಕಿ.ಮೀ. ಬಿಟ್ಟು ಇನ್ನೆರಡು ಸಲ ಹೀಗೇ ಮಾಡಿದರೆ ಬಹುಪಾಲು ಹೊಸದಾಗುತ್ತದೆ. ಇಷ್ಟು ಓಡಿದ ಹಳೆ ಎಟಿಎಫ್‌ಗೆ ಒತ್ತಡದ ಫ್ಲಶ್ ಮಷೀನ್ ನನಗೆ ಸರಿ ಕಾಣುವುದಿಲ್ಲ.

ಉತ್ತರ 1

ಬೆಳಿಗ್ಗೆ ಸ್ಟಾರ್ಟ್ ಮಾಡಿದ ಕೂಡಲೇ ಐಡಲ್ 1,200–1,400 ಇರುತ್ತದೆ. ಅದು 1,000ಕ್ಕೆ ಇಳಿಯುವವರೆಗೆ ಕಾದು ಆರ್‌ಗೆ ಹಾಕಿ, ಧಡ್ ಸದ್ದು ಕಡಿಮೆಯಾಗುತ್ತದೆ. ಅದಕ್ಕಿಂತ ಹೆಚ್ಚು ನಿಲ್ಲಿಸಿ ಬಿಸಿ ಮಾಡುವುದರಿಂದ ಎಟಿಎಫ್‌ಗೆ ಹೆಚ್ಚು ಲಾಭವಿಲ್ಲ. ಅದು ಕೂಲೆಂಟ್‌ಗಿಂತ ನಿಧಾನವಾಗಿ ಬಿಸಿಯಾಗುತ್ತದೆ, ಆಕ್ಸಿಲರೇಟರ್ ಮೆಲ್ಲಗೆ ಒತ್ತಿ ಓಡಿಸಿದರೆ ಬೇಗ.

ಮಟ್ಟ ಸರಿಯಿದ್ದೂ ತಡ ಮರಳಿ ಬಂದರೆ ಪ್ರೆಷರ್ ಪೋರ್ಟ್‌ಗೆ ಗೇಜ್ ಹಾಕಿಸಿ, ತಣ್ಣಗಿದ್ದಾಗ ಒಮ್ಮೆ, ಬಿಸಿಯಾದಾಗ ಒಮ್ಮೆ ಲೈನ್ ಪ್ರೆಷರ್ (ಪಂಪ್ ಕೊಡುವ ಎಟಿಎಫ್ ಒತ್ತಡ) ಅಳೆಸಿ. ತಣ್ಣಗಿದ್ದಾಗ ಮ್ಯಾನ್ಯುಯಲ್ ಹೇಳಿದ್ದಕ್ಕಿಂತ ಕಡಿಮೆ ಬಂದರೆ ಫಿಲ್ಟರ್, ಪಂಪ್ ಕಡೆ ಹೋಗಿ. ಪ್ರೆಷರ್ ಸರಿಯಿದ್ದು ಆರ್ ಮಾತ್ರ ತಡವಾದರೆ ಆ ಕ್ಲಚ್‌ನ ಪಿಸ್ಟನ್ ಸೀಲ್. ಗೇರ್‌ಬಾಕ್ಸ್ ಇಳಿಸುವ ಮಾತು ಆಗ ಬರುತ್ತದೆ.